ಬಿಟ್ಟುಕೊಟ್ಟವನು

ಮೌನಪ್ಪ ದೇವದುರ್ಗದಲ್ಲಿ ಇಲ್ಲವೆಂದು ಗೊತ್ತಾದಾಗ ಹನುಮಂತ್ರಾಯನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಸಮಾಧಾನ. ಇಂಥ ಸಮಾಧಾನ ತನಗೆ ಯಾಕೆ ಬರಬೇಕೆಂದು ಆಮೇಲೆ ಸಿಟ್ಟು ಬಂತು. ರಾಯಚೂರಿನಿಂದ ಗಿರಣಿಯ ಜೀಪಿನಲ್ಲಿ ಬಿಸಿಲೇರುವ ಮೊದಲೇ ಹೊರಟು, ಹಾದಿಯುದ್ದಕ್ಕೂ ಧೂಳು ನುಂಗಿ ಅವನು ಬಂದದ್ದು ಯೂನಿಯನ್ ಅಧ್ಯಕ್ಷನಾದ ಮೌನಪ್ಪನ ಒಂದು ಸಹಿಗಾಗಿ. ರಜೆ ಹಾಕಿ ಅಕ್ಕನ ಮನೆಗೆ ಹೋಗಿದ್ದಾನೆಂದು ಗಿರಣಿಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನವರು ಹೇಳಿದ್ದರು. ಬಾಗಿಲಲ್ಲಿ ಜೋಳ ಕೇರುತ್ತ ಕೂತಿದ್ದ ಅಕ್ಕ ಯಮನಮ್ಮ ಜೀಪು ನಿಂತದ್ದು ಕಂಡು ಮೊರ ಬದಿಗಿಟ್ಟು ಎದ್ದಳು.

"ಅಂವ ನಿನ್ನೇನ ಹೋದ್ನಲ್ರೀ. ಹೇಣ್ತಿ ತವರಮನಿ ಮಾಳಿಗಿ ಸೋರತದಂತ. ಮಳಿ ಹಿಡಿಯೋದ್ರಾಗ ಮಣ್ಣು ಹಾಕಬೇಕಂತ ನೀರಮಾನ್ವಿಗಿ ಹೋಗ್ಯಾನ." ಮಾತು ನಿಲ್ಲಿಸಿ ಅವನ ಮುಖ ನೋಡಿದಳು. "ಗಿರಣಿ ಮತ್ತ ಬಂದ್ ಆತೇನ್ರೀ?"

"ಇಲ್ಲವ್ವಾ, ಗಿರಣಿ ನಡದದ. ಬ್ಯಾರೆ ಕೆಲಸಿತ್ತು."

"ಜೀಪು ನೋಡಿ ನನ್ನ ಎದಿ ಧಸಕ್ಕಂತು. ಹೋದ ಸಲ ಬಂದ್ ಆದಾಗ ಹೇಣ್ತಿ ಮಕ್ಕಳನ್ನ ಕಟಗೊಂಡು ಇಲ್ಲೇ ಬಂದಿದ್ದ. ಅದೆಂಗ ದಿನಾ ದಾಟಿದ್ವೋ ಏನೋ. ಬರ್ರಿ, ಒಳಗ ಕುಂದರ್ರಿ, ಚಾ ಮಾಡ್ತೀನಿ."

ಬೇಡವೆನ್ನಲು ಬಾಯಿ ಬರಲಿಲ್ಲ. ಚಹಾ ಬೆಲ್ಲದ್ದು, ತುಂಬ ಬಿಸಿ, ನಿಂತೇ ಕುಡಿದ. ಗಿರಣಿ ಮುಚ್ಚಿದಾಗ ಗೇಟಿಗೆ ಅಂಟಿಸಿದ ನೋಟೀಸಿನ ಕೆಳಗಿದ್ದ ಸಹಿ ತನ್ನದೇ ಎಂದು ಇವಳಿಗೆ ಗೊತ್ತಿದ್ದರೆ ಇಷ್ಟು ಸಕ್ಕರೆಯಂಥ ಮಾತು ಬರುತ್ತಿತ್ತೇ ಎಂದು ಯೋಚಿಸುತ್ತ ನಾಲಿಗೆ ಸುಟ್ಟುಕೊಂಡ. ರಾಯಚೂರಿನ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಲೇಬರ್ ಆಫೀಸರ್ ಅಂದರೆ ಸಹಿ ಹಾಕುವವನು. ಆಗಿನ ಮಾಲೀಕ ಸೇಠ್ ಹಾಕು ಅಂದ, ಹಾಕಿದ. ಅದಕ್ಕಾಗಿ ಯಾರೂ ಅವನನ್ನು ಬೈದಿರಲಿಲ್ಲ. ಬೈಯುವಷ್ಟು ದೊಡ್ಡವನೆಂದು ಯಾರೂ ತಿಳಿದಿರಲಿಲ್ಲ ಎಂಬುದೇ ಅವನಿಗೆ ಆಗಾಗ ಚುಚ್ಚುತ್ತಿತ್ತು.

ಜೀಪು ಸಿರವಾರದ ಕಡೆ ತಿರುಗಿತು. ಡ್ರೈವರ್ ಲಾಲಸಾಬ ಗೇರಿನ ಮೇಲೆ ಒಂದು ಕೈ ಇಟ್ಟುಕೊಂಡು ಏನನ್ನೋ ಗುನುಗುತ್ತಿದ್ದ. ಎರಡೂ ಬದಿಗೆ ಕರಿ ಎರೆಮಣ್ಣು ಬಿರುಕುಬಿಟ್ಟು ಮಳೆಗಾಗಿ ಬಾಯಿ ತೆರೆದು ಬಿದ್ದಿತ್ತು. ಇಲ್ಲಿಂದ ಇನ್ನಷ್ಟು ದೂರ ಹೋದರೆ ಕಾಲುವೆ ಬರುತ್ತದೆ, ಮಣ್ಣಿನ ಬಣ್ಣವೇ ಬದಲಾಗುತ್ತದೆ. ತಾನು ಹುಟ್ಟಿದ್ದು ಈ ಒಣ ಭಾಗದಲ್ಲಿ. ಅಪ್ಪ ಕನಕಪ್ಪ ಇದೇ ಬಯಲುಗಳಲ್ಲಿ ಗೌಡರ ಕುರಿ ಕಾಯುತ್ತಿದ್ದ. ಒಂದು ವರ್ಷ ಕುರಿಗಳಿಗೆ ಬೇನೆ ಬಿದ್ದು ಊರೂರಿನ ಹಿಂಡು ಮಲಗಿದಾಗ ಅಪ್ಪನ ಹಿಂಡು ಮಾತ್ರ ಬಹುಪಾಲು ಉಳಿಯಿತು. ಗೌಡರು ಕೂಲಿಯ ಲೆಕ್ಕದ ಮೇಲೆ ಇನ್ನೊಂದು ಹೆಣ್ಣುಮರಿ ಕೊಟ್ಟರು. ಅಪ್ಪ ಬೇಡ ಅನ್ನಲಿಲ್ಲ, ಕೈ ಮುಗಿಯಲೂ ಇಲ್ಲ. ನನ್ನ ಕೈಯಾಗ ಉಳದಾವು ಎಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಇದೆಲ್ಲ ಈಗ ಯಾಕೆ ನೆನಪಾಗಬೇಕು. ಅಪ್ಪನಿಗೂ ಗಿರಣಿಯ ಜನರಲ್ ಮ್ಯಾನೇಜರಿಗೂ ಏನು ಸಂಬಂಧ. ಅಪ್ಪ ಕುರಿಯ ಜೊತೆ ಬಯಲಲ್ಲೇ ಮಲಗುತ್ತಿದ್ದ.

ಆದರೆ ಜನರಲ್ ಮ್ಯಾನೇಜರಾದ ದೊಡ್ಡ ಸಾಹೇಬರೂ ಗಿರಣಿಯ ಜೊತೆ ಹೆಚ್ಚುಕಡಿಮೆ ಹಾಗೇ ಇದ್ದರು, ಅದೇ ತೊಡಕು. ಸೇಠ್ ಬ್ಯಾಂಕಿನ ಸಾಲವನ್ನೆಲ್ಲ ನುಂಗಿ ಕೈ ಎತ್ತಿ, ದೋಆಬ್ ಕಾಟನ್ ಮಿಲ್ ಒಂದು ವರ್ಷಕ್ಕೂ ಮೇಲ್ಪಟ್ಟು ಬಾಗಿಲು ಹಾಕಿ, ಕೊನೆಗೆ ಸರ್ಕಾರ ಅದನ್ನು ತನ್ನ ಮೇಲೆ ಹಾಕಿಕೊಂಡಾಗ ದಾವಣಗೆರೆ ಕಡೆಯಿಂದ ಈ ಮನುಷ್ಯನನ್ನು ಜನರಲ್ ಮ್ಯಾನೇಜರ್ ಮಾಡಿ ಕಳಿಸಿದ್ದರು. ಬಂದ ದಿನ ಬೂಟು ಬಿಚ್ಚಿ ನೂಲುವ ಯಂತ್ರಗಳ ಅಡಿಗೆ ನುಸುಳಿದ್ದರು. ಒಳ್ಳೆಯ ಹತ್ತಿಯ ಬೆಲೆಗೆ ಕಳಪೆ ಹತ್ತಿ ಬರುವುದು ನಿಂತಿತು. ಮುಂಬಯಿಗೆ ಹೋಗಿ ನೂಲಿಗೆ ಹೊಸ ಗಿರಾಕಿ ಹಿಡಿದು ತಂದರು. ಮುಳುಗಿದ್ದದ್ದು ಮೂರೇ ವರ್ಷಕ್ಕೆ ಮೂಗು ಮೇಲೆತ್ತಿತು. ಈಗ ಆಂಧ್ರದ ಖಾಸಗಿ ಗಿರಣಿಯೊಂದು ಅವರನ್ನು ಕರೆಯುತ್ತಿದೆ. ಇಲ್ಲಿನ ಎರಡರಷ್ಟು ಸಂಬಳ, ಕಾರು, ಬಂಗಲೆ. ಉಳಿಸಿಕೊಳ್ಳಬೇಕಾದರೆ ಇಲ್ಲೂ ಅಷ್ಟೇ ಕೊಡಬೇಕು. ಅವರೊಬ್ಬರಿಗೇ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ಯಾರೋ ಸೂಚಿಸಿ, ಉಳಿದ ಅಧಿಕಾರಿಗಳಿಗೂ ಒಂದಿಷ್ಟು ಸೇರಿಸಿ ಕಾಗದ ತಯಾರಾಯಿತು. ಬೆಂಗಳೂರಿನ ಸರ್ಕಾರದವರು ಒಂದೇ ಷರತ್ತು ಹಾಕಿದ್ದರು: ಜನರ ದುಡ್ಡಿನಿಂದ ಎದ್ದ ಗಿರಣಿ, ಕೂಲಿಕಾರರ ಸಂಬಳ ಏರಿಸದೆ ಹಿಡಿದಿಟ್ಟಿದ್ದೀರಿ, ಅವರ ಸಂಘ ಒಪ್ಪಿದರೆ ನಮ್ಮ ಅಡ್ಡಿ ಇಲ್ಲ. ನಾಳೆ ಅಲ್ಲಿ ಸಭೆ. ಸಾಹೇಬರು ಇವತ್ತು ಸಂಜೆಯ ರೈಲಿಗೆ ಹೋಗುವವರು.

"ಸಾಬ್ರ, ದೊಡ್ಡ ಸಾಹೇಬ್ರ ಪಗಾರ ಡಬಲ್ ಆಗ್ತದಂತ, ಖರೇ ಏನ್ರಿ?" ಲಾಲಸಾಬ ಹಾದಿಯ ಮೇಲಿನ ಕಣ್ಣು ತೆಗೆಯದೆ ಕೇಳಿದ.

"ಯಾರಂದ್ರು ನಿನಗ?"

"ಯಾರ್ ಅನ್ನಬೇಕ್ರಿ. ಕ್ಯಾಂಟೀನಿನಾಗ ಎಲ್ಲಾರೂ ಅಂತಾರ. ನಿಮ್ದೂ ಹೆಚ್ಚಾಗ್ತದಂತಲ್ರಿ. ನಿಮ್ಮ ಮನಿಯವ್ರೇ ನಮ್ಮ ಮನಿಯಾಕಿ ಮುಂದ ಅಂದಾರ, ನಳದಾಗ ನೀರು ಹಿಡಿಯೋ ಹೊತ್ತಿನಾಗ."

ಹನುಮಂತ್ರಾಯ ಹೊರಗೆ ನೋಡಿದ. ಹೆಂಡತಿ ಗೋಪಮ್ಮನಿಗೆ ಹೇಳಬಾರದಿತ್ತು. ಹೇಳದೆ ಇರಲೂ ಆಗಿರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಹೇಳುವಂಥದ್ದೊಂದು ಅವನ ಬಾಯಲ್ಲಿತ್ತು. ಅವಳು ಆಗಲೇ ಗೋದ್ರೇಜ್ ಅಲ್ಮೇರಾ ನಿಲ್ಲಿಸುವ ಗೋಡೆ ಖಾಲಿ ಮಾಡಿದ್ದಳು. ಇವತ್ತು ಬೆಳಿಗ್ಗೆ ಶರಟಿನ ಗುಂಡಿ ಹಾಕಿಕೊಳ್ಳುತ್ತ ಅವನು, "ನಮಗ ಇದು ಕೊಡೋದು ನ್ಯಾಯ ಅನಸ್ತದೇನು ನಿನಗ?" ಎಂದು ಕೇಳಿದ್ದಕ್ಕೆ, "ಕೊಟ್ರ ತಗೊಳ್ರಿ, ನ್ಯಾಯ ಅವರು ನೋಡ್ಕೊಳ್ತಾರ," ಎಂದಿದ್ದಳು. ಇಷ್ಟು ಸುಲಭದ ಉತ್ತರ ಕೇಳಿ ರೇಗಿತ್ತು. ಗುಂಡಿ ಕಿತ್ತು ಕೈಗೆ ಬಂದಿತ್ತು.

"ನೀ ಏನಂತಿ ಲಾಲಸಾಬ? ಕೊಡಬೇಕೋ ಬ್ಯಾಡೋ?"

"ನಾ ಏನನ್ಲಿ ಸಾಬ್ರ. ಗಾಡಿ ಓಡಸೋನು."

"ಆದ್ರೂ."

"ಅವ್ರು ಹೋದ್ರ ಗಿರಣಿ ಹೋಗ್ತದ. ಅವ್ರಿಗಿ ಕೊಟ್ರ ನಮ್ಮ ಮಂದಿ ಗೇಟಿನಾಗ ಧರಣಿ ಕುಂದ್ರತಾರ. ಕುಂತ್ರ ಗಿರಣಿ ಹೋಗ್ತದ." ಲಾಲಸಾಬ ನಕ್ಕ. "ನಾ ಅಂತೂ ಲೈಸನ್ಸ್ ರಿನೀವಲ್ ಮಾಡಿಸಿ ಇಟ್ಟೀನ್ರಿ."

ಸಿರವಾರದಲ್ಲಿ ಜೀಪಿಗೆ ನೀರು ಹಾಕಬೇಕಾಯಿತು. ಅಡತಿ ವ್ಯಾಪಾರಿಯ ಅಂಗಡಿ ಮುಂದೆ ಭತ್ತದ ಚೀಲ ಇಳಿಸುತ್ತಿದ್ದರು. ಹನುಮಂತ್ರಾಯ ನೆರಳಿಗೆ ನಿಂತು ಮೌನಪ್ಪನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸತೊಡಗಿದ. ಒಬ್ಬ ಮನುಷ್ಯನ ಬೆಲೆ ಪೇಟೆಯಲ್ಲಿ ಇಷ್ಟು ಎಂದಿದ್ದರೆ ಸರ್ಕಾರವೂ ಅಷ್ಟು ಕೊಡಬೇಕು; ಹತ್ತಿಗೆ ಕೊಡುವುದಿಲ್ಲವೇ. ಸರಿ. ಆದರೆ ಸರ್ಕಾರ ಕೈ ಹಿಡಿಯದಿದ್ದರೆ ಪೇಟೆಯಲ್ಲಿ ಈ ಗಿರಣಿಯ ಬೆಲೆಯೇ ಗುಜರಿಯದ್ದು; ಅದರ ಮ್ಯಾನೇಜರಿಗೆ ಮಾತ್ರ ಪೇಟೆಯ ಬೆಲೆ ಹೇಗೆ. ಅದೂ ಸರಿ. ಕೂಲಿಕಾರರೂ ತಮ್ಮ ಏರಿಕೆ ಬಿಟ್ಟು ಗಿರಣಿ ಎತ್ತಲಿಲ್ಲವೇ. ಎತ್ತಿದರು, ಆದರೆ ಅವರೇ ಇದ್ದಾಗಲೇ ಅದು ಮುಳುಗಿತ್ತಲ್ಲ. ಪ್ರತಿ ಸಲವೂ ಅವನ ವಾದ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಯಾಕೆಂದರೆ ಅದು ಮುಳುಗಿದಾಗ ತಾನೂ ಇದ್ದ. ಬಾಗಿಲು ಹಾಕಿದ ವರ್ಷವೆಲ್ಲ ಅಧಿಕಾರಿಗಳಿಗೆ ಅರ್ಧ ಸಂಬಳ ಬರುತ್ತಿತ್ತು, ಆಸ್ತಿ ನೋಡಿಕೊಳ್ಳಲಿಕ್ಕೆಂದು. ದಿನಾ ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತು ಪೇಪರ್ ಓದಿ ಬರುತ್ತಿದ್ದ. ಮುಂದಿನ ಗೇಟಿನಲ್ಲಿ ಮೌನಪ್ಪ ಮತ್ತವನ ಜನ ತಾಡಪಾಲಿನ ಕೆಳಗೆ ಕೂತಿರುತ್ತಿದ್ದರು. ಒಂದು ದಿನ ಹಿಂದಿನ ಬಾಗಿಲ ಕೀಲಿ ಸಿಗದೆ ಮುಂದಿನಿಂದಲೇ ಹೋಗಬೇಕಾಯಿತು. ಅವರು ಕಾಲು ಮಡಚಿ ಹಾದಿ ಬಿಟ್ಟರು. ಒಬ್ಬನು ನಮಸ್ಕಾರ ಅಂದ. ಆ ನಮಸ್ಕಾರದಿಂದ ಅವನು ಇನ್ನೂ ಚೇತರಿಸಿಕೊಂಡಿರಲಿಲ್ಲ.

ಮಾನ್ವಿ ದಾಟಿ ನೀರಮಾನ್ವಿಗೆ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅದೊಂದರ ಮಾಳಿಗೆಯ ಮೇಲೆ ಜನ ಇದ್ದರು. ಧೋತರ ಮೇಲಕ್ಕೆ ಕಟ್ಟಿ, ಮೊಣಕಾಲಿನ ತನಕ ಕೆಸರಾಗಿ ಮೌನಪ್ಪ ಮಳೆನೀರು ಇಳಿಯಗೊಡದ ಕರ್ಲುಮಣ್ಣು ತುಳಿಯುತ್ತಿದ್ದ. ಅವನ ಅತ್ತೆ ಭೀಮವ್ವ ಕೆಳಗಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ನಿಚ್ಚಣಿಕೆ ಏರುತ್ತಿದ್ದಳು.

"ಏನ್ರಿ ಸಾಹೇಬ್ರ, ಇಷ್ಟು ದೂರ?" ಮೇಲಿನಿಂದ ಮೌನಪ್ಪ ಕೂಗಿದ.

"ಸ್ವಲ್ಪ ಮಾತಾಡೋದಿತ್ತು. ಕೆಳಗ ಬಾ."

"ಬರಾಕ ಆಗೂದಿಲ್ರೀ. ಮಣ್ಣು ಕಲಸೀನಿ. ಬಿಟ್ರ ಈ ಬಿಸಲಿಗಿ ಕಲ್ಲಾಗ್ತದ. ಅಲ್ಲಿಂದನ ಹೇಳ್ರಿ."

"ಆಫೀಸಿನ ಮಾತು."

"ಹೇಳ್ರಿ, ಇಲ್ಲಿ ಎಲ್ಲಾ ನಮ್ಮವರ ಅದಾರ."

ನಮ್ಮವರು ಆಗಲೇ ಅಕ್ಕಪಕ್ಕದ ಕಟ್ಟೆಗಳ ಮೇಲೆ ಸೇರಿದ್ದರು. ಹನುಮಂತ್ರಾಯ ಕಾಗದದ ಕವರು ಬಗಲಲ್ಲಿ ಹಿಡಿದು, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತ. ದೊಡ್ಡ ಸಾಹೇಬರ ಸಂಬಳದ ವಿಷಯವನ್ನು ಒಂದು ಊರಿನ ಮಾಳಿಗೆಗೆ ಕೂಗಿ ಹೇಳುವುದು ಹೇಗೆ. ಎರಡು ಮಾತು ಕೂಗಿದ, ಮೌನಪ್ಪನಿಗೆ ಕೇಳಿಸಲಿಲ್ಲ, ಕಟ್ಟೆಯ ಮೇಲಿದ್ದ ಮುದುಕನೊಬ್ಬ ಅದನ್ನು ಇನ್ನೂ ಜೋರಾಗಿ ಮೇಲಕ್ಕೆ ಮುಟ್ಟಿಸಿದ: "ಮ್ಯಾನೇಜರನ ಪಗಾರ ಹೆಚ್ಚ ಮಾಡ್ತಾರಂತಪ್ಪಾ, ನಿನ್ನ ಕೇಳಾಕ ಬಂದಾರ." ಇನ್ನು ಉಳಿದದ್ದೇನು ಎಂದುಕೊಂಡು ಹನುಮಂತ್ರಾಯ ಬೂಟು ಕಳಚಿ, ಟೆರಿಲಿನ್ ಪ್ಯಾಂಟನ್ನು ಮೇಲಕ್ಕೆ ಮಡಚಿ ನಿಚ್ಚಣಿಕೆ ಹತ್ತಿದ. ನಡುವೆ ಭೀಮವ್ವ ಇಳಿದು ಬರುತ್ತಿದ್ದಳು. ಯಾರು ಯಾರಿಗೆ ಹಾದಿ ಬಿಡಬೇಕೆಂದು ತಿಳಿಯದೆ ಇಬ್ಬರೂ ಅರೆಕ್ಷಣ ಹಾಗೇ ನಿಂತರು. ಕೊನೆಗೆ ಇವನೇ ಮತ್ತೆ ಕೆಳಗಿಳಿದು ಇನ್ನೊಮ್ಮೆ ಹತ್ತಿದ.

ಮಾಳಿಗೆಯ ಮೇಲೆ ನಿಲ್ಲಲು ಒಣ ಜಾಗ ಒಂದೇ ಮೂಲೆಯಲ್ಲಿತ್ತು. ಅಲ್ಲಿಂದ ಎಲ್ಲವನ್ನೂ ಹೇಳಿದ. ಸಿರವಾರದಲ್ಲಿ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಬಾಯಿಗೆ ಬಂದಾಗ ಬೇರೆ ಯಾರದೋ ಮಾತುಗಳ ಹಾಗೆ ಕೇಳಿಸಿದವು. ಮೌನಪ್ಪ ತುಳಿಯುವುದನ್ನು ನಿಲ್ಲಿಸಲಿಲ್ಲ. ಕಾಲು ಎತ್ತಿದಾಗಲೆಲ್ಲ ಮಣ್ಣು ಹೀರಿಕೊಂಡ ಸದ್ದು ಬರುತ್ತಿತ್ತು. ಆ ಸದ್ದಿನ ನಡುವೆ ತನ್ನ ವಾಕ್ಯಗಳನ್ನು ತೂರಿಸಬೇಕಾಗಿ ಬಂದು ಹನುಮಂತ್ರಾಯನಿಗೆ ತಲೆ ಸಿಡಿಯುವಂತಾಯಿತು.

"ಅಂದ್ರ ಕೊಡದಿದ್ರ ಅವ್ರು ಹೋಗ್ತಾರ," ಎಂದ ಮೌನಪ್ಪ.

"ಹೋಗ್ತಾರ."

"ಮತ್ತ ಸೇಠನ ಹಂಗ ಯಾವನರೆ ಬರ್ತಾನ."

"ಬರಬಹುದು."

ಬುಟ್ಟಿ ಸುರುವಲು ಬಂದಿದ್ದ ಭೀಮವ್ವ ಸೊಂಟ ನೆಟ್ಟಗೆ ಮಾಡಿ ನಿಂತಳು. "ಯಾವ ಮನುಷ್ಯಾ ಅಂವ? ಯಂತ್ರದ ಬುಡಕ್ಕ ಹೊಕ್ಕಿದ್ದ ಅಂತಿದ್ದಿಯಲ್ಲ, ಅಂವೇನೋ?"

"ಹೂಂ ಅತ್ತಿ, ಅಂವನ."

"ಕೊಟ್ಟು ಕಳೀರಿ ಅತ್ಲಾಗ. ನಿನ್ನ ಹೇಣ್ತಿ ಮತ್ತೊಮ್ಮಿ ಊರೂರು ತಿರುಗೂದು ಬ್ಯಾಡ."

"ನಿನಗ ತಿಳಿಯೂದಿಲ್ಲ. ನಮ್ಮ ಮಂದಿ ನನ್ನ ಹರಕೊಂಡು ತಿಂತಾರ," ಎಂದ ಮೌನಪ್ಪ. ಆಮೇಲೆ ಹನುಮಂತ್ರಾಯನ ಕಡೆ ತಿರುಗಿದ. "ನೋಡ್ರಿ ಸಾಹೇಬ್ರ. ನಾ ಸುಳ್ಳು ಹೇಳೂದಿಲ್ಲ. ಆ ಮನುಷ್ಯಾ ಗಿರಣಿ ಎತ್ಯಾನ. ನಮ್ಮನ್ನ ಬೈದಾನ, ರಜಾ ಕಟ್ ಮಾಡ್ಯಾನ, ಆದ್ರ ಎತ್ಯಾನ. ಅವ್ರಿಗಿ ಕೊಡ್ರಿ. ಮಂದಿಗಿ ನಾ ಹೇಳ್ಕೊಳ್ತೀನಿ."

ಹನುಮಂತ್ರಾಯ ಕವರು ಬಿಚ್ಚಿದ. ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ.

"ಇದ್ರಾಗ ಉಳಿದವ್ರ ಹೆಸರೂ ಅದಾವಂತಲ್ಲ?"

"ಅದಾವ."

"ನಿಮ್ದೂ."

"ನಂದೂ ಅದ."

ಮೌನಪ್ಪ ತುಳಿಯುವುದನ್ನು ನಿಲ್ಲಿಸಿದ. "ಅದು ಯಾಕ್ರಿ?"

ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ಉತ್ತರ ಹೇಳಬಹುದಿತ್ತು. ಅವನು ನಿಜವಾಗಿಯೂ ತಿಳಿಯಲೆಂದು ಕೇಳಿದಂತಿತ್ತು. ಹನುಮಂತ್ರಾಯ ಜವಾಬ್ದಾರಿ ಎಂದ, ಶಿಸ್ತು ಎಂದ, ಎಲ್ಲರೂ ಕೂಡಿ ಎಂದ.

"ತಪ್ಪು ತಿಳಕೋಬ್ಯಾಡ್ರಿ," ಎಂದ ಮೌನಪ್ಪ. "ಸೇಠ ಇದ್ದಾಗ ನೀವ ಇದ್ರಿ. ಬಂದ್ ಆದಾಗ ನೀವ ಇದ್ರಿ. ಈಗೂ ನೀವ ಅದೀರಿ. ಮುಳಗಿದಾಗ ನಿಮಗ ಪಗಾರ ಬಂತು, ಎದ್ದಾಗ ಇನಾಮು ಬರಬೇಕು ಅಂದ್ರ ನಾ ನಮ್ಮ ಮಂದಿಗಿ ಏನಂತ ಹೇಳ್ಲಿ? ನೀವು ಕೆಟ್ಟವರಲ್ರೀ. ಆದ್ರ ನೀವು ಇರದಿದ್ರೂ ಹಿಂಗ ಇರ್ತಿತ್ತು."

ಭೀಮವ್ವ, "ಮನಿಗಿ ಬಂದವ್ರಿಗಿ ಹಂಗಂತಾರೇನೋ," ಎಂದು ಗದರಿಸಿದಳು. ಅದು ಮೌನಪ್ಪನ ಮಾತಿಗಿಂತ ಹೆಚ್ಚು ನೋಯಿಸಿತು. ಮೌನಪ್ಪ ಧೋತರದ ಚುಂಗಿಗೆ ಕೈ ಒರೆಸಿಕೊಂಡು ಪೆನ್ನು ಇಸಿದುಕೊಂಡ. ಜನರಲ್ ಮ್ಯಾನೇಜರರಿಗೆ ಮಾತ್ರ ಒಪ್ಪಿಗೆ, ಉಳಿದವರಿಗೆ ಇಲ್ಲ ಎಂದು ಬರೆದು ಸಹಿ ಹಾಕಿದ. ಅವನ ಅಕ್ಷರಗಳು ಅಚ್ಚುಕಟ್ಟಾಗಿದ್ದವು.

ಊಟ ಮಾಡಿ ಹೋಗಿರೆಂದರು. ಹಸಿವಿಲ್ಲವೆಂದು ಹೇಳಿ ಇಳಿದ. ಹಸಿವಿತ್ತು. ಮಾನ್ವಿಯ ಹೋಟೆಲಿನಲ್ಲಿ ಲಾಲಸಾಬ ಮಂಡಾಳ ಒಗ್ಗರಣಿ ಮಿರ್ಚಿ ತಿನ್ನುವಾಗ ಇವನು ಜೀಪಿನಲ್ಲೇ ಕೂತು ಪ್ಯಾಂಟಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ಮೌನಪ್ಪ ಒಪ್ಪಲೇ ಇಲ್ಲ ಎಂದು ಹೇಳಿದರಾಯಿತು. ಕಾಗದವನ್ನು ಹರಿದು ಈ ಗಟಾರಕ್ಕೆ ಹಾಕಿದರೆ ಯಾರಿಗೂ ಇಲ್ಲ, ಯಾರೂ ಯಾರನ್ನೂ ತೂಗುವುದಿಲ್ಲ. ದೊಡ್ಡ ಸಾಹೇಬರು ಆಂಧ್ರಕ್ಕೆ ಹೋಗುತ್ತಾರೆ. ಗಿರಣಿ ಮುಚ್ಚುತ್ತದೆ. ತಾನು ಮತ್ತೆ ಹಿಂದಿನ ಬಾಗಿಲಿನಿಂದ ಹೋಗಿ ಫ್ಯಾನಿನ ಕೆಳಗೆ ಕೂರುತ್ತೇನೆ. ಈ ಯೋಚನೆ ಎಷ್ಟು ಸರಾಗವಾಗಿ ಬಂತೆಂದರೆ ಅವನು ಕವರನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಇಂಥ ಕೆಲಸವನ್ನಾದರೂ ಮಾಡುವ ಗಟ್ಟಿತನ ತನಗಿಲ್ಲ ಎಂದೂ ಗೊತ್ತಿತ್ತು. ಅದು ಒಳ್ಳೆಯತನವೋ ಪುಕ್ಕಲುತನವೋ ಎಂದು ರಾಯಚೂರಿನ ಕೋಟೆಯ ಗೋಡೆ ಕಾಣುವ ತನಕ ತಲೆ ಕೆಡಿಸಿಕೊಂಡ.

ದೊಡ್ಡ ಸಾಹೇಬರು ಆಫೀಸಿನಲ್ಲಿ ಸೂಟ್‌ಕೇಸ್ ಪಕ್ಕಕ್ಕಿಟ್ಟುಕೊಂಡು ಕಾಯುತ್ತಿದ್ದರು. ಕಾಗದ ಓದಿದರು. ಮತ್ತೊಮ್ಮೆ ಓದಿದರು. ಮುಖದ ಮೇಲೆ ಏನೂ ಕಾಣಿಸಲಿಲ್ಲ.

"ನಿಮಗೆ ಬೇಜಾರಿಲ್ಲ ತಾನೆ?" ಎಂದರು.

"ಇಲ್ಲ ಸರ್."

"ನ್ಯಾಯವಾಗಿ ನಿಮಗೂ ಬರಬೇಕಿತ್ತು." ಒಂದು ಗಳಿಗೆ ಪೆನ್ಸಿಲು ಮೇಜಿಗೆ ಬಡಿದರು. "ಇದನ್ನ ಹೀಗೇ ಒಯ್ದರೆ ಅಧಿಕಾರಿಗಳಿಗೂ ಕಾರ್ಮಿಕರಿಗೂ ಜಗಳ ಇದೆ ಅನ್ನಿಸುತ್ತೆ. ಒಂದು ಕೆಲಸ ಮಾಡಿ. ಗಿರಣಿಯ ಹಿತ ನೋಡಿ ಅಧಿಕಾರಿಗಳೆಲ್ಲ ತಾವಾಗಿಯೇ ತಮ್ಮ ಏರಿಕೆ ಬಿಟ್ಟುಕೊಟ್ಟಿದ್ದಾರೆ ಅಂತ ಒಂದು ಟಿಪ್ಪಣಿ ಬರೆದುಕೊಡಿ. ನಿಮ್ಮ ಕೈಯಲ್ಲಿ ಚೆನ್ನಾಗಿ ಬರುತ್ತೆ."

ಹನುಮಂತ್ರಾಯ ತನ್ನ ಕೋಣೆಗೆ ಹೋಗಿ ಬರೆದ. ನಿಜವಾಗಿಯೂ ಚೆನ್ನಾಗಿ ಬಂತು. ತ್ಯಾಗ ಎಂಬ ಪದವನ್ನು ಮೊದಲು ಹಾಕಿ, ಹೊಡೆದು, ಮತ್ತೆ ಹಾಕಿದ. ಬರೆದು ಮುಗಿಸಿದಾಗ ಅದನ್ನು ತಾನೇ ನಂಬುವಷ್ಟು ಹತ್ತಿರ ಬಂದಿದ್ದ.

ಮನೆಯಲ್ಲಿ ಗೋಪಮ್ಮ ಎಲ್ಲವನ್ನೂ ಕೇಳಿ, ಖಾಲಿ ಮಾಡಿದ್ದ ಗೋಡೆಗೆ ಸಾಮಾನನ್ನು ಮತ್ತೆ ಜೋಡಿಸಿದಳು. "ಹೋಗ್ಲಿ ಬಿಡ್ರಿ," ಎಂದಳು ಕೊನೆಗೆ. ತಕರಾರು ತೆಗೆಯುತ್ತಾಳೆಂದು ಇವನು ಸಿದ್ಧವಾಗಿ ಬಂದಿದ್ದ; ಬಂದ ಸಿಟ್ಟನ್ನು ಇಳಿಸಲು ಜಾಗ ಸಿಗಲಿಲ್ಲ.

ಶ್ರಾವಣದಲ್ಲಿ ಆದೇಶ ಬಂತು. ದೊಡ್ಡ ಸಾಹೇಬರ ಸಂಬಳ ದುಪ್ಪಟ್ಟಾಯಿತು, ಅವರು ಉಳಿದರು. ಗಲಾಟೆಯಾಗಲಿಲ್ಲ. ಆದೇಶದ ಜೊತೆಗೆ ಬೆಂಗಳೂರಿನಿಂದ ಅಧಿಕಾರಿಗಳ ತ್ಯಾಗವನ್ನು ಮೆಚ್ಚಿ ಒಂದು ಪತ್ರವೂ ಬಂದಿತ್ತು, ಸಾಹೇಬರು ಅದನ್ನು ನೋಟೀಸ್ ಬೋರ್ಡಿಗೆ ಹಾಕಿಸಿದರು. ಎರಡನೇ ಪಾಳಿ ಶುರುವಾಗುವ ಹೊತ್ತಿಗೆ ಗೇಟಿನ ಮುಂದೆ ಜನ ಸೇರಿದ್ದರು. ಹಾದುಹೋಗುತ್ತಿದ್ದ ಹನುಮಂತ್ರಾಯನನ್ನು ಯಾರೋ ರಟ್ಟೆ ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದರು. ಚೆಂಡುಹೂವಿನ ಹಾರ ಬಂತು. ಹಾಕಿದವನು ಮೌನಪ್ಪ. ಚಪ್ಪಾಳೆ ಎದ್ದಿತು, ಕೆಲವು ಕಡೆ ಹೃದಯಪೂರ್ವಕವಾಗಿಯೇ. ಹೂವಿನ ನೀರು ಅಂಗಿಯೊಳಗೆ ಇಳಿಯಿತು. ಎರಡು ಮಾತಾಡಿರೆಂದರು.

ಕೆಳಗಿನ ಮುಖಗಳನ್ನು ನೋಡಿದ. ಮೌನಪ್ಪ ತನ್ನ ಮಂದಿಗೆ ಏನು ಹೇಳಿದ್ದನೋ, ಅವರಿಗೆ ನಿಜ ಗೊತ್ತಿತ್ತೋ ಇಲ್ಲವೋ ಹೇಳಲಾಗುತ್ತಿರಲಿಲ್ಲ. ಗೊತ್ತಿದ್ದೂ ಹಾರ ಹಾಕುವ ಮಂದಿ ಇರಬಹುದು. ಗೊತ್ತಿಲ್ಲದೆ ಹಾಕಿದ್ದರೆ ಇನ್ನೂ ಕಷ್ಟ. ಸಾಕಾಗಿ ಹೋಯಿತು ಅನ್ನಿಸಿತು, ತೂಗುವುದೂ ತೂಗಿಸಿಕೊಳ್ಳುವುದೂ.

"ನಾ ಬಿಟ್ಟುಕೊಟ್ಟಿಲ್ಲ," ಎಂದ. ದನಿ ತಾನೆಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನನಗ ಬೇಕಾಗಿತ್ತು. ನೀವು ಕೊಡಲಿಲ್ಲ."

ಮುಂದಿನ ಸಾಲಿನಲ್ಲಿ ಕೆಲವರು ನಕ್ಕರು. ಲೇಬರ್ ಆಫೀಸರ್ ತಮಾಷೆ ಮಾಡುತ್ತಿದ್ದಾನೆಂದು ಹಿಂದಿನವರೂ ನಕ್ಕರು, ಚಪ್ಪಾಳೆ ಇನ್ನೊಮ್ಮೆ ಎದ್ದಿತು. ಹನುಮಂತ್ರಾಯ ಕೈ ಎತ್ತಿ ಅದನ್ನೇ ಮತ್ತೆ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸೈರನ್ ಕೂಗಿತು. ಜನ ಒಳಗೆ ಹರಿದರು.

ಮೌನಪ್ಪ ಮಾತ್ರ ನಗದೆ ಬೆಂಚಿನ ಪಕ್ಕ ನಿಂತಿದ್ದ. ಇಳಿಯಲು ಕೈ ಕೊಟ್ಟ.

"ನೀವು ಖರೇ ಹೇಳಿದ್ರಿ," ಎಂದ. "ನನಗ ಕೇಳಿಸ್ತು. ಇಳೀರಿ, ಪಾಳಿ ಸುರು ಆತು."